ದಯಾಮಯ ದೇವರು: ನಂಬಿಕೆ ಕಳಚಿದ ಚರಿತ್ರೆ

ಲೋಕವನ್ನು ಸೃಷ್ಟಿಸಿದ ಕರುಣಾಳುವೊಬ್ಬ ಜೀವಿಗಳ ಸುಖದುಃಖ ನೋಡಿಕೊಳ್ಳುತ್ತಿದ್ದಾನೆ ಎಂಬ ನಂಬಿಕೆ ಮನಸ್ಸಿನಿಂದ ಜಾರಿಹೋಗುವುದಕ್ಕೆ ದೀರ್ಘವಾದ ಚರಿತ್ರೆಯಿದೆ. ವಿಜ್ಞಾನ ಬೆಳೆದಂತೆಲ್ಲ ದೇವರು ಹಿಂದೆ ಸರಿದ ಎಂದು ಅದನ್ನು ವಿವರಿಸುವುದು ವಾಡಿಕೆ. ಆದರೆ ದೂರದರ್ಶಕ, ಸೂಕ್ಷ್ಮದರ್ಶಕಗಳು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಸಂದೇಹ ಬಲಿತು ನಿಂತಿತ್ತು. ಅದರ ತಾಯಿಬೇರು ಇರುವುದು ಕನಿಕರದಲ್ಲಿ. ಪರರ ನೋವನ್ನು ನೋಡಲಾರದೆ ಹೋದವರು, ನೋಡಿಯೂ ಸುಮ್ಮನಿರುವ ದೇವರನ್ನು ಒಪ್ಪಲಾರದೆ ಹೋದರು.

ಭಾರತದಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಬ್ರಹ್ಮನು ಲೋಕದ ಒಡೆಯನಾಗಿದ್ದರೆ ಇಷ್ಟೊಂದು ದುಃಖವನ್ನು, ಮೋಸವನ್ನು ಏಕೆ ಸರಿಪಡಿಸಲಿಲ್ಲ ಎಂದು ಬೌದ್ಧರ ಭೂರಿದತ್ತ ಜಾತಕ ಕೇಳುತ್ತದೆ. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ಇದನ್ನು ಇನ್ನಷ್ಟು ಹರಿತಗೊಳಿಸಿದ: ಕರುಣೆಯಿಂದ ಸೃಷ್ಟಿಸಿದ ಎನ್ನುವುದಾದರೆ, ಸೃಷ್ಟಿಗೆ ಮೊದಲು ಕರುಣೆ ತೋರಲು ಯಾರಿದ್ದರು? ಕರುಣೆಯೇ ಕಾರಣವಾಗಿದ್ದರೆ ಸುಖವೊಂದನ್ನೇ ಸೃಷ್ಟಿಸಬೇಕಿತ್ತಲ್ಲವೇ? ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರೂ ತಮ್ಮ ಸಂಸ್ಕೃತ ‘ಮಹಾಪುರಾಣ’ದಲ್ಲಿ ಸೃಷ್ಟಿಕರ್ತನ ವಾದವನ್ನು ಎಳೆಎಳೆಯಾಗಿ ಬಿಡಿಸಿ ಅಲ್ಲಗಳೆದರು. ಜೀವಿಗಳ ಮೇಲಿನ ಅಕ್ಕರೆಯಿಂದ ಮಾಡಿದ ಲೋಕದಲ್ಲಿ ಸಂಕಟಕ್ಕೆ ಜಾಗವೆಲ್ಲಿ ಎಂಬುದು ಅಲ್ಲಿಯೂ ಒಂದು ಮುಖ್ಯ ಪ್ರಶ್ನೆ. ಪಂಪ 941ರಲ್ಲಿ ಕನ್ನಡದ ‘ಆದಿಪುರಾಣ’ ಬರೆಯಲು ಆಧಾರವಾದದ್ದು ಜಿನಸೇನರ ಈ ಕೃತಿಯೇ. ಇವರಲ್ಲಿ ಯಾರೂ ಧರ್ಮ ಬಿಟ್ಟವರಲ್ಲ ಎಂಬುದನ್ನು ಮರೆಯಬಾರದು. ಕುಮಾರಿಲನಿಗೆ ವೇದವಿತ್ತು, ಜಿನಸೇನರಿಗೆ ಜಿನಮಾರ್ಗವಿತ್ತು. ಸೃಷ್ಟಿಕರ್ತನನ್ನು ಕೈಬಿಟ್ಟರೂ ಬದುಕಿನ ಕಟ್ಟು ಕಳಚಿ ಬೀಳುತ್ತಿರಲಿಲ್ಲ. ಕ್ರೈಸ್ತ ಯೂರೋಪಿನಲ್ಲಿ ಹಾಗಿರಲಿಲ್ಲ. ಅಲ್ಲಿ ಸೃಷ್ಟಿ, ಪ್ರೀತಿ, ನ್ಯಾಯ, ಮರಣಾನಂತರದ ಬದುಕು ಎಲ್ಲವೂ ಒಬ್ಬನೇ ದೇವರಿಗೆ ಕಟ್ಟಿಕೊಂಡಿದ್ದವು. ಒಂದು ಎಳೆ ಸಡಿಲವಾದರೆ ನೇಯ್ಗೆಯೇ ಬಿಚ್ಚಿಕೊಳ್ಳುತ್ತಿತ್ತು.

ಆ ಎಳೆಯನ್ನು ಬಲವಾಗಿ ಜಗ್ಗಿದ್ದು ಲಿಸ್ಬನ್ ಭೂಕಂಪ. 1755ರ ನವೆಂಬರ್ 1 ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಜನ ಚರ್ಚುಗಳಲ್ಲಿ ಕಿಕ್ಕಿರಿದಿದ್ದಾಗ ಭೂಮಿ ನಡುಗಿತು. ಚಾವಣಿಗಳು ಕುಸಿದವು, ಉರಿಯುತ್ತಿದ್ದ ಬತ್ತಿಗಳಿಂದಲೂ ಒಲೆಗಳಿಂದಲೂ ಬೆಂಕಿ ಹಬ್ಬಿತು, ದಡಕ್ಕೆ ಓಡಿದವರ ಮೇಲೆ ಸಮುದ್ರ ಉಕ್ಕಿಬಂತು. ಸತ್ತವರು ಹತ್ತಾರು ಸಾವಿರ. ಇದು ಪಾಪಕ್ಕೆ ತಕ್ಕ ಶಿಕ್ಷೆ ಎಂದು ಜೆಸ್ಯೂಟ್ ಪಾದ್ರಿ ಮಲಾಗ್ರಿಡಾ ಸಾರಿದ. ತಾಯಿಯ ಎದೆಗವಚಿಕೊಂಡು ಸತ್ತ ಕೂಸುಗಳು ಯಾವ ಪಾಪ ಮಾಡಿದ್ದವು ಎಂದು ವೋಲ್ತೇರ್ ತನ್ನ ಕವಿತೆಯಲ್ಲಿ ಕೇಳಿದ. ಒಂದೇ ಜಾಗದಲ್ಲಿ ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಕಟ್ಟಿದ್ದು ಪ್ರಕೃತಿಯಲ್ಲ, ಮನುಷ್ಯರು ಎಂದು ರೂಸೋ 1756ರಲ್ಲಿ ಉತ್ತರಿಸಿದ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಕೂಸಿನ ಪ್ರಶ್ನೆ ಹಾಗೆಯೇ ಉಳಿಯಿತು. ಶಿಕ್ಷೆಯ ವಾದ ನಮ್ಮಲ್ಲೂ ಕೇಳಿಬಂತು: 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದಾಗ, ಸ್ವತಃ ಆಸ್ತಿಕರಾದ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಬಂದರೆ ಡಾರ್ವಿನ್ನನ ಹೆಸರು ತಪ್ಪದು. ಆದರೆ ಅಲ್ಲಿನ ಧರ್ಮನಿರಪೇಕ್ಷ ಚಳವಳಿಯ ಕಾರ್ಯಕರ್ತರ ಜೀವನವೃತ್ತಾಂತಗಳನ್ನು ಪರಿಶೀಲಿಸಿ ಸೂಸನ್ ಬಡ್ 1967ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಾರ್ವಿನ್ನನನ್ನು ಓದಿ ನಂಬಿಕೆ ಬಿಟ್ಟವರು ತೀರಾ ವಿರಳ. ಬೈಬಲ್ಲಿನಲ್ಲಿ ಕಂಡ ಕ್ರೌರ್ಯ, ನರಕದ ಬೋಧನೆ, ಬಡವರ ಬಗ್ಗೆ ಚರ್ಚಿನ ಉದಾಸೀನ—ಇವೇ ಹೆಚ್ಚಿನವರನ್ನು ಕದಲಿಸಿದ್ದು. ಡಾರ್ವಿನ್ನನ ವಿಷಯದಲ್ಲೂ ಇದು ಬಹುಮಟ್ಟಿಗೆ ನಿಜ. ಅವನ ಮಗಳು ಆನಿ 1851ರ ಏಪ್ರಿಲ್‌ನಲ್ಲಿ, ಹತ್ತನೆಯ ವಯಸ್ಸಿಗೆ, ಮಾಲ್ವರ್ನ್ ಊರಿನಲ್ಲಿ ತೀರಿಕೊಂಡಳು. ಆ ಸಾವೇ ಅವನ ನಂಬಿಕೆ ಮುರಿಯಿತು ಎಂಬುದು ನಂತರದ ಬರಹಗಾರರ ಊಹೆ. ನಂಬಿಕೆ ನಿಧಾನವಾಗಿ ಹೋಯಿತು ಎಂದಷ್ಟೇ ಅವನು ಹೇಳಿದ್ದಾನೆ. 1860ರಲ್ಲಿ ಸಸ್ಯವಿಜ್ಞಾನಿ ಆಸಾ ಗ್ರೇಗೆ ಬರೆದ ಪತ್ರದಲ್ಲಂತೂ ಅವನ ಸಂಕಟ ಸ್ಪಷ್ಟ: ಕಂಬಳಿಹುಳದ ಜೀವಂತ ಮೈಯೊಳಗೆ ಮರಿಗಳು ತಿಂದು ಬೆಳೆಯಲೆಂದೇ ಕಣಜವೊಂದನ್ನು ದಯಾಳು ದೇವರು ಬೇಕೆಂದು ಸೃಷ್ಟಿಸಿದ ಎಂದು ನಂಬಲು ಅವನಿಗೆ ಸಾಧ್ಯವಾಗಲಿಲ್ಲ.

ದಯಾಳು ದೇವರ ಲೋಕದಲ್ಲಿ ಇಷ್ಟು ನೋವೇಕೆ ಎಂಬ ಪ್ರಶ್ನೆಗೆ ಭಾರತದ ಆಸ್ತಿಕರ ಗಟ್ಟಿಯಾದ ಉತ್ತರ ಕರ್ಮಸಿದ್ಧಾಂತ. ಪಕ್ಷಪಾತ, ನಿರ್ದಯೆ ಎಂಬ ಆರೋಪಗಳನ್ನು ‘ಬ್ರಹ್ಮಸೂತ್ರ’ವೇ ಎತ್ತಿಕೊಳ್ಳುತ್ತದೆ. ಈಶ್ವರ ಮಳೆಯಂತೆ, ಭತ್ತಕ್ಕೂ ಜವೆಗೋಧಿಗೂ ಸಮನಾಗಿ ಸುರಿಯುತ್ತಾನೆ, ಬೆಳೆಯ ಭೇದ ಬೀಜದಿಂದ ಬರುತ್ತದೆ ಎಂಬುದು ಶಂಕರರ ಸಮಾಧಾನ. ಉಪಮೆ ಸೊಗಸಾಗಿದೆ, ಆರೋಪವನ್ನು ತಡೆಯುತ್ತದೆ ಕೂಡ. ಆದರೆ ಫಲವೆಲ್ಲ ಬೀಜದಲ್ಲೇ ನಿರ್ಧಾರವಾಗಿದ್ದರೆ ಮಳೆಯನ್ನು ದಯೆ ಎಂದು ಕರೆಯುವುದು ಕಷ್ಟ. ಇದಕ್ಕಿಂತ ದೊಡ್ಡ ತೊಡಕು ಸಮಾಜದ್ದು. 1930ರ ಅಕ್ಟೋಬರಿನಲ್ಲಿ ಲಾಹೋರಿನ ಜೈಲಿನಲ್ಲಿ ಕುಳಿತು ‘ನಾನೇಕೆ ನಾಸ್ತಿಕ’ ಬರೆದ ಭಗತ್ ಸಿಂಗ್ ಅದನ್ನೇ ಎತ್ತಿ ತೋರಿಸಿದ: ಕೀಳೆನಿಸಿಕೊಂಡ ಜಾತಿಯ ಬಡವನ ಮನೆಯಲ್ಲಿ ಹುಟ್ಟಿ, ಅಕ್ಷರದಿಂದ ದೂರವಿಡಲ್ಪಟ್ಟವನಿಗೆ ಅದು ಹಿಂದಿನ ಜನ್ಮದ ಫಲ ಎಂದು ಹೇಳುವುದರಿಂದ ಲಾಭವಾಗುವುದು ಉಳ್ಳವರಿಗೇ. ಕನ್ನಡದಲ್ಲಿ ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಪ್ರಕಟಿಸಿ ತಮ್ಮ ಅಪನಂಬಿಕೆಯನ್ನು ಸೌಮ್ಯವಾಗಿ, ನೇರವಾಗಿ ಓದುಗರ ಮುಂದಿಟ್ಟರು.

ನೋವು ಎಷ್ಟೋ ಜನರನ್ನು ದೇವರ ಹತ್ತಿರಕ್ಕೇ ಕರೆದೊಯ್ದಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಲಿಸ್ಬನ್ನಿನ ಜನರೂ ಮತ್ತೆ ಚರ್ಚುಗಳನ್ನು ಕಟ್ಟಿಕೊಂಡರು. ಲೋಕದಲ್ಲಿ ನ್ಯಾಯ ಇರಬೇಕೆಂಬ ಒಂದೇ ಹಂಬಲ ಕೆಲವರನ್ನು ಪ್ರಾರ್ಥನೆಗೂ ಕೆಲವರನ್ನು ನಿರಾಕರಣೆಗೂ ಒಯ್ಯಬಲ್ಲದು. ನಂಬಿಕೆ ಬಿಟ್ಟವರದು ಅಹಂಕಾರ, ಒಣಗಿದ ಹೃದಯ ಎಂಬ ಇನ್ನೊಂದು ಆಕ್ಷೇಪಕ್ಕೆ ಮಾತ್ರ ದಾಖಲೆಗಳ ಬೆಂಬಲವಿಲ್ಲ. ನಂಬದ ತನ್ನ ತಂದೆ, ಅಣ್ಣ, ಆಪ್ತ ಸ್ನೇಹಿತರು ನಿತ್ಯ ನರಕದಲ್ಲಿ ಬೇಯಬೇಕೆನ್ನುವ ಬೋಧನೆಯನ್ನು ಡಾರ್ವಿನ್ ಆತ್ಮಕಥೆಯಲ್ಲಿ ಕಟುವಾಗಿ ತಿರಸ್ಕರಿಸಿದ್ದ. ಹೆಂಡತಿ ಎಮ್ಮಾಳ ಇಚ್ಛೆಯಂತೆ 1887ರ ಮುದ್ರಣದಲ್ಲಿ ಆ ಮಾತನ್ನು ಕೈಬಿಡಲಾಯಿತು; ಮೊಮ್ಮಗಳು ನೋರಾ ಬಾರ್ಲೋ ಅದನ್ನು 1958ರಲ್ಲಿ ಮರಳಿ ಸೇರಿಸಿದಳು. ಎಮ್ಮಾ ಕೊನೆಯವರೆಗೂ ಆಸ್ತಿಕಳು. ಮದುವೆಯಾದ ಹೊಸತರಲ್ಲಿ, 1839ರಲ್ಲಿ, ಗಂಡನ ಸಂದೇಹಗಳಿಂದ ತಾವಿಬ್ಬರೂ ಪರಲೋಕದಲ್ಲಿ ಅಗಲಬೇಕಾದೀತೇ ಎಂಬ ಅಳುಕಿನಿಂದ ಅವಳು ಒಂದು ಪತ್ರ ಬರೆದಿದ್ದಳು. ಡಾರ್ವಿನ್ ಅದನ್ನು ಬದುಕಿನುದ್ದಕ್ಕೂ ಜೋಪಾನವಾಗಿಟ್ಟುಕೊಂಡ. ತಾನು ಸತ್ತ ಮೇಲೆ ಅವಳಿಗೆ ತಿಳಿಯಲೆಂದು, ಆ ಕಾಗದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂದು ಅದರ ಕೊನೆಯಲ್ಲಿ ಬರೆದಿಟ್ಟಿದ್ದ.