ಚೆಂಡಾಟದ ನೀರುಗಂಟಿ

ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿ ಎಂಬೊಬ್ಬ ಇರುತ್ತಿದ್ದ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಕಾಲುವೆ ತಿರುಗಿಸುವುದು, ಒಡೆದ ಬದುವನ್ನು ರಾತ್ರಿಯೇ ಮುಚ್ಚುವುದು ಅವನ ಕೆಲಸ. ಬೆಳೆ ಬಂದಾಗ ಕಣದಲ್ಲಿ ರಾಶಿ ಹಾಕುವವನು ರೈತ. ನೀರುಗಂಟಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣಗಳ ಹಿರಿಯರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಫುಟ್‌ಬಾಲಿನಲ್ಲಿ ಮಿಡ್‌ಫೀಲ್ಡರ್ ಮಾಡುವುದೂ ಇದೇ ಕೆಲಸ. ಹಿಂದೆ ರಕ್ಷಕರು, ಮುಂದೆ ಗೋಲು ಹೊಡೆಯುವವರು. ನಡುವೆ ನಿಂತವನು ಎದುರಾಳಿಯ ಕಾಲಿನಿಂದ ಚೆಂಡು ಕಸಿದು, ತಲೆಯೆತ್ತಿ ನೋಡಿ, ಸರಿಯಾದ ಹೊತ್ತಿಗೆ ಸರಿಯಾದವನಿಗೆ ದಾಟಿಸಬೇಕು. ತೊಂಬತ್ತು ನಿಮಿಷಗಳಲ್ಲಿ ಮೈದಾನದ ಎರಡು ತುದಿಗಳ ನಡುವೆ ಅತಿ ಹೆಚ್ಚು ಓಡುವವರು ಸಾಮಾನ್ಯವಾಗಿ ಇವರೇ. ಮರುದಿನದ ಪತ್ರಿಕೆಯಲ್ಲಿ ಮಾತ್ರ ಗೋಲು ಹೊಡೆದವನ ಚಿತ್ರ.

ಭಾರತದ ಫುಟ್‌ಬಾಲಿಗೆ ಕರ್ನಾಟಕ ಕೊಟ್ಟ ಇಂಥ ನೀರುಗಂಟಿಗಳಲ್ಲಿ ದೊಡ್ಡ ಹೆಸರು ಕಾರ್ಲ್‌ಟನ್ ಚಾಪ್ಮನ್. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಆತನಿಗೆ ಬರೀ 49 ವರ್ಷ. ಕೋಲ್ಕತ್ತದಲ್ಲಿ, ಕೇರಳದಲ್ಲಿ ಜನ ಮನೆಯವನೊಬ್ಬನನ್ನು ಕಳೆದುಕೊಂಡಂತೆ ದುಃಖಿಸಿದರು. ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ನಮ್ಮ ರಾಮನಗರದಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತು? ನಮ್ಮ ಕಡೆಯ ಮೈದಾನಗಳಲ್ಲಿ ಮೆಸ್ಸಿಯ ಹೆಸರಿನ ಅಂಗಿ ತೊಟ್ಟ ಹುಡುಗರು ಕಾಣಸಿಗುತ್ತಾರೆ. ಚಾಪ್ಮನ್ ಹೆಸರಿನ ಅಂಗಿಯನ್ನು ನಾನಂತೂ ಕಂಡಿಲ್ಲ.

ಫುಟ್‌ಬಾಲ್ ನಮ್ಮದಲ್ಲ, ಅದು ಬಂಗಾಳ, ಗೋವಾ, ಕೇರಳದವರ ಆಟ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಇತಿಹಾಸ ಬೇರೆಯೇ ಹೇಳುತ್ತದೆ. ಬೆಂಗಳೂರು ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಸುತ್ತಲಿನ ಹುಡುಗರು ಬರಿಗಾಲಿನಲ್ಲೇ ಕಲಿತರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿಯೇ ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಾಗ ಭಾರತದ ಆ ಒಂದು ಗೋಲು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಮೈಸೂರು ರಾಜ್ಯ ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದುಕೊಂಡಿತು.

ನಡುಮೈದಾನದ ಆಟದಲ್ಲಿಯೂ ಚಾಪ್ಮನ್‌ಗೆ ಒಬ್ಬ ಪೂರ್ವಿಕರಿದ್ದರು. ಅವರು ಮೈಸೂರು ರಾಜ್ಯದ ಕೆಂಪಯ್ಯ. ನಮ್ಮ ಸೀಮೆಯಲ್ಲಿ ಊರಿಗಿಬ್ಬರು ಕೆಂಪಯ್ಯಂದಿರು ಸಿಗುತ್ತಾರೆ. ಆದರೆ ಈ ಕೆಂಪಯ್ಯ ಎರಡು ಒಲಿಂಪಿಕ್ಸ್ ಕಂಡವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಅವರಿದ್ದರು. 1960ರ ರೋಮ್‌ನಲ್ಲಿಯೂ ಇದ್ದರು. ಆಗ ಈ ಸ್ಥಾನಕ್ಕೆ ಹಾಫ್‌ಬ್ಯಾಕ್ ಎಂಬ ಹೆಸರು. ಅವರೂ ಕಲ್ಕತ್ತೆಗೆ ಹೋಗಿ ಮೋಹನ್ ಬಗಾನ್ ಸೇರಿದವರೇ.

ಚಾಪ್ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ. ಮೆಕ್ಸಿಕೊದಲ್ಲಿ ನಡೆದ 1986ರ ವಿಶ್ವಕಪ್ಪನ್ನು ದೂರದರ್ಶನ ನಮ್ಮ ಮನೆಗಳಿಗೆ ತಂದಾಗ ಆತ ಹದಿನೈದರ ಹುಡುಗ. ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ತರಬೇತಿ ಪಡೆದು, ಸದರ್ನ್ ಬ್ಲೂಸ್ ತಂಡಕ್ಕೆ ಆಡಿ, 1990ರಲ್ಲಿ ಜೆಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ.

ಊರು ಬಿಡಬೇಕಾದ ಕಾರಣವನ್ನು ತಿಳಿಯಬೇಕು. ಬೆಂಗಳೂರಿನಲ್ಲಿ ಫುಟ್‌ಬಾಲ್ ನಿಂತಿದ್ದು ಕಾರ್ಖಾನೆಗಳ ತಂಡಗಳ ಮೇಲೆ. ಐಟಿಐ, ಎಚ್‌ಎಎಲ್‌ನಂಥ ಸಂಸ್ಥೆಗಳು ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಅದರಿಂದ ಬದುಕಿಗೆ ಭದ್ರತೆ ಇತ್ತು, ಆದರೆ ಆಟವೇ ಉದ್ಯೋಗವಾಗುತ್ತಿರಲಿಲ್ಲ. ಆಡಿದ್ದಕ್ಕೆ ದೊಡ್ಡ ಹಣ, ಲಕ್ಷಗಟ್ಟಲೆ ಪ್ರೇಕ್ಷಕರು ಬೇಕೆಂದರೆ ಕಲ್ಕತ್ತೆಗೇ ಹೋಗಬೇಕಿತ್ತು. ಅಹ್ಮದ್ ಖಾನ್ ಹೋದದ್ದೂ, ಕೆಂಪಯ್ಯ ಹೋದದ್ದೂ ಅದೇ ದಾರಿ.

1993ರಲ್ಲಿ ಚಾಪ್ಮನ್ ಈಸ್ಟ್ ಬೆಂಗಾಲ್ ಸೇರಿದ. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಇರಾಕಿನ ಬಲಿಷ್ಠ ಅಲ್ ಜಾವ್ರಾ ತಂಡ ಕಲ್ಕತ್ತೆಗೆ ಬಂತು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚಾಪ್ಮನ್‌ನದು. ನೀರು ಹಂಚುವವನೇ ಅಂದು ರಾಶಿಯನ್ನೂ ಹಾಕಿದ್ದ.

1995ರಲ್ಲಿ ಪಂಜಾಬಿನ ಫಗವಾಡಾದ ಜೆಸಿಟಿ ಕರೆಸಿಕೊಂಡಿತು. ಬಟ್ಟೆ ಗಿರಣಿಯ ಕಂಪನಿಯೊಂದರ ತಂಡ ಅದು. ಮುಂದೆ ಐ.ಎಂ. ವಿಜಯನ್ ಮತ್ತು ಭೈಚುಂಗ್ ಭುಟಿಯಾ, ಅವರ ಹಿಂದೆ ಚಾಪ್ಮನ್. ಈ ಜೊತೆಗಾರಿಕೆಯಲ್ಲಿ ಜೆಸಿಟಿ ಎರಡೇ ವರ್ಷಗಳಲ್ಲಿ 14 ಪ್ರಶಸ್ತಿಗಳನ್ನು ಬಾಚಿಕೊಂಡಿತು. 1996-97ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಮೊದಲ ಚಾಂಪಿಯನ್ ಕೂಡ ಜೆಸಿಟಿಯೇ. ಆ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವ ಭುಟಿಯಾ ಎಂಬುದು ದಾಖಲೆಯಲ್ಲಿದೆ. ಆ ಗೋಲುಗಳಿಗೆ ಚೆಂಡು ಎಲ್ಲಿಂದ ಬಂತು ಎಂಬ ಲೆಕ್ಕವನ್ನು ಆಗ ಯಾರೂ ಬರೆದಿಡುತ್ತಿರಲಿಲ್ಲ.

ರಾಷ್ಟ್ರೀಯ ತಂಡಕ್ಕೂ ಅದು ಒಳ್ಳೆಯ ಕಾಲ. 1996ರ ಫೆಬ್ರುವರಿಯಲ್ಲಿ ಭಾರತ ಫಿಫಾ ಪಟ್ಟಿಯಲ್ಲಿ 94ನೆಯ ಸ್ಥಾನಕ್ಕೇರಿತು. ಅದಕ್ಕಿಂತ ಮೇಲೆ ಇಂದಿಗೂ ಏರಿಲ್ಲ. 1997ರಲ್ಲಿ ಕಠ್ಮಂಡುವಿನಲ್ಲಿ ಮಾಲ್ಡೀವ್ಸ್ ತಂಡವನ್ನು 5-1ರಿಂದ ಸೋಲಿಸಿ ಭಾರತ ಸಾಫ್ ಕಪ್ ಗೆದ್ದಾಗ ನಾಯಕ ಚಾಪ್ಮನ್.

ಮುಂದಿನ ನಿಲ್ದಾಣ ಕೇರಳ. ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ತಂಡಕ್ಕೆ 1997-98ರಲ್ಲಿ ಆಡಿದ. ಸಂಸ್ಥೆಯ ನೌಕರಿಯಿಲ್ಲದೆ, ಆಟವನ್ನೇ ವೃತ್ತಿಯಾಗಿಸುವ ಕನಸಿನ ತಂಡವದು. ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಜೆಸಿಟಿಯೂ 2011ರಲ್ಲಿ ತನ್ನ ತಂಡವನ್ನು ವಿಸರ್ಜಿಸಿತು. ವೃತ್ತಿ ಫುಟ್‌ಬಾಲ್ ಎಂಬ ಮಾತಿನ ಹಿಂದಿದ್ದ ನೆಲ ಎಷ್ಟು ಸಡಿಲವಾಗಿತ್ತು ಎಂಬುದಕ್ಕೆ ಇವೇ ಸಾಕ್ಷಿ.

1998ರಲ್ಲಿ ಚಾಪ್ಮನ್ ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿದ. 2000-01ರಲ್ಲಿ ಆತನ ನಾಯಕತ್ವದಲ್ಲಿ ಆ ತಂಡ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಅಲ್ಲಿಗೆ ಮೂವತ್ತರ ಹರೆಯದಲ್ಲೇ ಚಾಪ್ಮನ್ ವೃತ್ತಿ ಆಟಕ್ಕೆ ವಿದಾಯ ಹೇಳಿದ.

ಆನಂತರದ ಬದುಕು ತರಬೇತುದಾರನದು. 2002ರಲ್ಲಿ ತಾನು ಕಲಿತ ಟಾಟಾ ಅಕಾಡೆಮಿಯಲ್ಲಿಯೇ ಕಲಿಸಲು ತೊಡಗಿ, ಮುಂದೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ತಂಡಗಳನ್ನು ತಯಾರು ಮಾಡಿದ. ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್ ತಂಡದ ತಾಂತ್ರಿಕ ನಿರ್ದೇಶಕನಾಗಿದ್ದ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಚಾಪ್ಮನ್ ಆಟ ಬಿಟ್ಟು ಹನ್ನೆರಡು ವರ್ಷ ಕಳೆದಿತ್ತು. ಆಟಗಾರ ಊರು ಬಿಡದೆಯೇ ವೃತ್ತಿ ಫುಟ್‌ಬಾಲ್ ಆಡಬಹುದಾದ ಕಾಲ ಬಂದದ್ದು ಆತನಿಗೆ ತಡವಾಗಿ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅದನ್ನು ನೋಡಲು ಚಾಪ್ಮನ್ ಇರಲಿಲ್ಲ.

ಕಬಡ್ಡಿ, ವಾಲಿಬಾಲ್, ಕ್ರಿಕೆಟ್‌ಗಳ ನಡುವೆ ನಮ್ಮ ತಾಲ್ಲೂಕುಗಳಲ್ಲಿ ಫುಟ್‌ಬಾಲಿಗೆ ಜಾಗ ಕಡಿಮೆ ಎಂಬುದು ನಿಜ. ಇಲ್ಲಿಂದ ಒಬ್ಬ ಆಟಗಾರ ಬರಬೇಕಾದರೆ ಮೈದಾನ ಬೇಕು, ಗುರು ಬೇಕು, ಊಟ ಬೇಕು. ಇವುಗಳ ಜೊತೆಗೆ, ನಮ್ಮವನೊಬ್ಬ ಈ ದಾರಿಯಲ್ಲಿ ನಡೆದಿದ್ದ ಎಂಬ ತಿಳಿವಳಿಕೆಯೂ ಬೇಕು. ಅದಕ್ಕೆ ಖರ್ಚಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಮಳೆ ಬಂದ ದಿನ ತರಗತಿಯಲ್ಲಿ ಕೂತು ಹೇಳಿದರೂ ಸಾಕು.