ಬಸುರಿ, ಸಿಗರೇಟು ಮತ್ತು ನಾಲ್ಕನೇ ತಿಂಗಳ ಲೆಕ್ಕ

ಭಾಗ 1/7

1971ರ ಜನವರಿ 3, ಭಾನುವಾರ. ಅಮೆರಿಕದ ಟಿವಿಯಲ್ಲಿ ಸಿಗರೇಟಿನ ಜಾಹೀರಾತು ಬರಬಾರದು ಅನ್ನೋ ಕಾನೂನು ಜಾರಿಗೆ ಬಂದು ಒಂದೇ ದಿನ ಆಗಿತ್ತು. ಸಿಬಿಎಸ್ ಚಾನೆಲ್‌ನ 'ಫೇಸ್ ದ ನೇಷನ್' ಕಾರ್ಯಕ್ರಮಕ್ಕೆ ಫಿಲಿಪ್ ಮಾರಿಸ್ ಕಂಪನಿಯ ಅಧ್ಯಕ್ಷ ಜೋಸೆಫ್ ಕಲ್ಮನ್ ಬಂದು ಕೂತಿದ್ದರು. ಸಿಗರೇಟು ಸೇದುವ ಗರ್ಭಿಣಿಯರಿಗೆ ಚಿಕ್ಕ ಮಕ್ಕಳು ಹುಟ್ಟುತ್ತವಂತಲ್ಲ, ಏನಂತೀರಿ ಅಂತ ಪ್ರಶ್ನೆ ಬಂತು. ಕಲ್ಮನ್ ಅದನ್ನು ಅಲ್ಲಗಳೆಯಲಿಲ್ಲ. ಹೌದು, ಮಕ್ಕಳು ಚಿಕ್ಕವೇ ಹುಟ್ಟುತ್ತವೆ, ಆದರೆ ಆರೋಗ್ಯವಾಗೇ ಇರುತ್ತವೆ, ಕೆಲವು ಹೆಂಗಸರಿಗೆ ಚಿಕ್ಕ ಮಗುವೇ ಇಷ್ಟ ಅನ್ನೋ ಅರ್ಥದ ಮಾತು ಹೇಳಿದರು. ಕ್ಯಾಮೆರಾ ಮುಂದೆ, ನಗುನಗುತ್ತಾ ಹೇಳಬಹುದಾದ ಮಾತು ಅದು ಆಗ!

ಇದೇ ಕಂಪನಿ 1968ರಲ್ಲಿ ಬರೀ ಹೆಂಗಸರಿಗೆ ಅಂತಲೇ 'ವರ್ಜೀನಿಯಾ ಸ್ಲಿಮ್ಸ್' ಅನ್ನೋ ಸಿಗರೇಟು ತಂದಿತ್ತು. ಸೋ, ಆ ಉತ್ತರ ಯಾರ ಪರವಾಗಿ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ನನ್ನ ಕುತೂಹಲ ಬೇರೆ: ಅಷ್ಟು ಧೈರ್ಯವಾಗಿ ಹೇಳೋಕೆ ಅವರಿಗೆ ಜಾಗ ಮಾಡಿಕೊಟ್ಟಿದ್ದು ಯಾವುದು? ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

ಭಾಗ 2/7

ಗುಮಾನಿ ಹಳೇದು. 1935ರಲ್ಲೇ ಅಮೆರಿಕದ ಒಹಾಯೋದಲ್ಲಿ ಸಾಂಟಾಗ್ ಮತ್ತು ವ್ಯಾಲೇಸ್ ಅನ್ನೋ ಇಬ್ಬರು, ತಾಯಿ ಸಿಗರೇಟು ಸೇದುವಾಗ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಎಣಿಸಿದ್ದರು. ಬಡಿತ ಬದಲಾಗ್ತಿತ್ತು. ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

1957ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕೌಂಟಿಯ ಆಸ್ಪತ್ರೆ ದಾಖಲೆಗಳನ್ನು ಹಿಡಿದು ವಿನಿಯಾ ಸಿಂಪ್ಸನ್ ಒಂದು ವರದಿ ಪ್ರಕಟಿಸಿದರು. ಸೇದುವ ತಾಯಂದಿರಲ್ಲಿ 'ಅವಧಿಪೂರ್ವ' ಹೆರಿಗೆ, ಸೇದದವರಿಗಿಂತ ಸುಮಾರು ಎರಡು ಪಟ್ಟು. ಆ ಕಾಲದಲ್ಲಿ ಎರಡೂವರೆ ಕೆಜಿಗಿಂತ ಕಮ್ಮಿ ತೂಗಿದ ಮಗುವನ್ನು ಅವಧಿಪೂರ್ವ ಅಂತಲೇ ಲೆಕ್ಕ ಹಿಡೀತಿದ್ದರು. ಬೇಗ ಹುಟ್ಟಿದ್ದು, ಬೆಳೆಯದೆ ಹುಟ್ಟಿದ್ದು, ಎರಡೂ ಒಂದೇ ಬುಟ್ಟಿಗೆ. ಈ ಗೊಂದಲ ನೆನಪಿಟ್ಟುಕೊಳ್ಳಿ.

ಭಾಗ 3/7

ಈಗ ಬರ್ತಾರೆ ನೋಡಿ ನಮ್ಮ ಕಥೆಯ ತಕರಾರಿನ ಮನುಷ್ಯ: ಜೇಕಬ್ ಯೆರುಶಾಲ್ಮಿ, ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ. ಅವರನ್ನು ವಿಲನ್ ಮಾಡೋಕೆ ನನಗಿಷ್ಟ ಇಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು: ಮಗು ಚಿಕ್ಕದಾಗೋದು ಹೊಗೆಯಿಂದಲೋ, ಇಲ್ಲಾ ಸೇದುವಂಥ ಹೆಂಗಸರೇ ಬೇರೆ ಥರದವರೋ? ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಇದೇ ಧಾಟಿಯ ವಾದ ಮಾಡಿದ್ದು ಆರ್. ಎ. ಫಿಶರ್. ಹ್ಞೂಂ, ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ನಮ್ಮನ್ನೆಲ್ಲ ಕಾಡುವ ಅದೇ ಫಿಶರ್.

ಯೆರುಶಾಲ್ಮಿ ಹತ್ತಿರ ಒಂದು ವಿಚಿತ್ರ ಲೆಕ್ಕವೂ ಇತ್ತು. ಎರಡೂವರೆ ಕೆಜಿಗಿಂತ ಕಮ್ಮಿ ಇರೋ ಮಕ್ಕಳನ್ನಷ್ಟೇ ತಗೊಂಡರೆ, ಸೇದುವ ತಾಯಂದಿರ ಮಕ್ಕಳೇ ಹೆಚ್ಚು ಬದುಕುತ್ತಿದ್ದವು! ಹಾಗಾದರೆ ಸಿಗರೇಟು ಮಗುವನ್ನು ಕಾಪಾಡುತ್ತಾ?

ನಾನು ಇದನ್ನು ಅರ್ಥ ಮಾಡಿಕೊಂಡಿದ್ದು ಹೀಗೆ. ನಮ್ಮ ಕ್ಲಾಸಿಗೆ ತಡವಾಗಿ ಬರೋರಲ್ಲಿ ಎರಡು ಥರ. ಹಳ್ಳಿಯಿಂದ ಬರೋರಿಗೆ ಬಸ್ ತಡ, ಆಳು ಗಟ್ಟಿ. ಕಾಲೇಜಿನ ಪಕ್ಕದ ಹಾಸ್ಟೆಲ್‌ನವರು ತಡ ಮಾಡಿದ್ದಾರೆ ಅಂದರೆ ಜ್ವರಾನೋ ಏನೋ ಇರಬೇಕು. ತಡವಾದವರನ್ನಷ್ಟೇ ನಿಲ್ಲಿಸಿ ನೋಡಿದರೆ ಬಸ್ಸಲ್ಲಿ ಬಂದವರೇ ಆರೋಗ್ಯವಂತರು. ಅಷ್ಟಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು ಜ್ವರಕ್ಕೆ ಔಷಧಿ ಆಗಲ್ಲ. ಸೇದದ ತಾಯಿಯ ಮಗು ಅಷ್ಟು ಚಿಕ್ಕದಾಗಿ ಹುಟ್ಟಿದೆ ಅಂದರೆ ಹಿಂದೆ ಅಂಗದೋಷದಂಥ ದೊಡ್ಡ ಕಾರಣವೇ ಇರುವ ಸಾಧ್ಯತೆ ಜಾಸ್ತಿ. ಹೋಲಿಕೆ ತಪ್ಪಿದ್ದು ಅಲ್ಲಿ. ಎಲ್ಲ ಮಕ್ಕಳನ್ನೂ ಸೇರಿಸಿ ಲೆಕ್ಕ ಹಾಕಬೇಕಿತ್ತು.

ಹಾಗೆ ಲೆಕ್ಕ ಹಾಕುವಷ್ಟು ದೊಡ್ಡ ಮಾಹಿತಿ ಇದ್ದಿದ್ದು ಬ್ರಿಟನ್‌ನಲ್ಲಿ.

ಭಾಗ 4/7

1958ರ ಮಾರ್ಚ್ ತಿಂಗಳ ಒಂದು ವಾರ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಕಡೆ ಆ ವಾರ ಹುಟ್ಟಿದ ಸುಮಾರು 17,000 ಮಕ್ಕಳ ವಿವರವನ್ನು ಸೂಲಗಿತ್ತಿಯರು ಫಾರಂನಲ್ಲಿ ತುಂಬಿದರು. ನಮ್ಮಲ್ಲಿ ಜನಗಣತಿಗೆ ಮೇಷ್ಟ್ರುಗಳು ಮನೆ ಮನೆ ಸುತ್ತಲ್ವಾ, ಹಾಗೆ. ತಾಯಿಗೆ ಎಷ್ಟನೇ ಹೆರಿಗೆ, ಎತ್ತರ ಎಷ್ಟು, ಗಂಡನ ಕೆಲಸ ಏನು, ಜೊತೆಗೆ ಸಿಗರೇಟು ಎಷ್ಟು. ಆ ಮಕ್ಕಳಿಗೆ ಈಗ ಅರವತ್ತು ದಾಟಿದೆ. ಅವರಲ್ಲಿ ಸಾವಿರಾರು ಜನರನ್ನು ಸಂಶೋಧಕರು ದಶಕಗಟ್ಟಲೆ ಬಿಡದೆ ಹಿಂಬಾಲಿಸಿದ್ದಾರೆ.

ಮಕ್ಕಳ ವೈದ್ಯ ನೆವಿಲ್ ಬಟ್ಲರ್, ಸಂಖ್ಯಾಶಾಸ್ತ್ರಜ್ಞ ಹಾರ್ವೆ ಗೋಲ್ಡ್‌ಸ್ಟೀನ್ ಮತ್ತು ರಾಸ್ ಸೇರಿ 1972ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಮುಂದಿಟ್ಟರು. ತಾಯಿಯ ಎತ್ತರ, ವಯಸ್ಸು, ಮನೆಯ ಸ್ಥಿತಿಗತಿ ಎಲ್ಲ ಸರಿದೂಗಿಸಿದ ಮೇಲೂ, ನಾಲ್ಕನೇ ತಿಂಗಳ ನಂತರ ಸೇದಿದವರ ಮಕ್ಕಳು ಸರಾಸರಿ 170 ಗ್ರಾಂ ಕಮ್ಮಿ. ಹೆರಿಗೆಯ ಆಸುಪಾಸಿನಲ್ಲಿ ಮಗು ಸಾಯುವ ಪ್ರಮಾಣ 28% ಜಾಸ್ತಿ. 'ಚಿಕ್ಕದು, ಆದರೆ ಆರೋಗ್ಯವಂತ' ಅನ್ನೋ ಮಾತಿಗೆ ಇದಕ್ಕಿಂತ ಉತ್ತರ ಬೇಕಾ?

ಆದರೆ ನನಗೆ ಮುಖ್ಯ ಅನಿಸಿದ್ದು ಈ ಎರಡು ಸಂಖ್ಯೆಗಳಲ್ಲ. ಅದೇ ಲೇಖನದಲ್ಲಿ ಇನ್ನೊಂದು ವಿಷಯ ಇದೆ. ಮೊದಲು ಸೇದುತ್ತಿದ್ದು, ನಾಲ್ಕನೇ ತಿಂಗಳು ಮುಗಿಯೋದರೊಳಗೆ ಬಿಟ್ಟವರು ಸೇದದವರ ಸಾಲಿಗೇ ಬಂದಿದ್ದರು. ಹೆಂಗಸು ಅವಳೇ. ಬದಲಾಗಿದ್ದು ಹೊಗೆ ಮಾತ್ರ. ಸೇದುವಂಥ ಹೆಂಗಸರೇ ಬೇರೆ ಥರ ಅನ್ನೋ ವಾದಕ್ಕೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದು.

ಭಾಗ 5/7

ಜನರಿಗೆ ತಲುಪಿದ್ದು ಯಾವುದು ಗೊತ್ತಾ? ಪೋಸ್ಟರು. ಬ್ರಿಟನ್‌ನ ಹೆಲ್ತ್ ಎಜುಕೇಶನ್ ಕೌನ್ಸಿಲ್ ಎಪ್ಪತ್ತರ ದಶಕದಲ್ಲಿ, ಮೈಮೇಲೆ ಬಟ್ಟೆಯಿಲ್ಲದ ತುಂಬು ಬಸುರಿ ಸಿಗರೇಟು ಸೇದುವ ಫೋಟೊ ಹಾಕಿ, ಮಗುವಿಗೆ ಬಲವಂತವಾಗಿ ಸೇದಿಸೋದು ನ್ಯಾಯವಾ ಅಂತ ಕೇಳಿತು. ಪೋಸ್ಟರ್ ಹಿಟ್. ಆದರೆ ಆರನೇ ತಿಂಗಳಲ್ಲಿರೋ ಹೆಂಗಸು ಅದನ್ನು ನೋಡಿ ಏನಂದುಕೊಂಡಿರಬೇಕು? 'ನಾನು ಪಾಪಿ' ಅಂತ. 'ಈಗ ಬಿಟ್ಟರೂ ಉಪಯೋಗ ಇದೆ' ಅಂತ ಖಂಡಿತ ಅಲ್ಲ. ಬೈಗುಳದ ಪೋಸ್ಟರ್ ಹಂಚೋದು ಸುಲಭ, ಲೆಕ್ಕ ಹಂಚೋದು ಕಷ್ಟ. (ಇದು ನನ್ನ ಅಭಿಪ್ರಾಯ. ಜಗಳ ಇದ್ದರೆ ಕಾಮೆಂಟಲ್ಲಿ.)

ಬಿಟ್ಟರೆ ಯಾಕೆ ಬೇಗ ಫಲ ಸಿಗುತ್ತೆ ಅಂದರೆ, ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೊಗ್ಲೋಬಿನ್‌ಗೆ ಅಂಟಿಕೊಳ್ಳುತ್ತೆ. ಜರಾಯು, ಅಂದರೆ ಊರ ಕಡೆ ಮಾಸು ಅಂತಾರಲ್ಲ, ಅದರ ಮೂಲಕ ಮಗುವಿಗೆ ಸಿಗಬೇಕಾದ ಆಮ್ಲಜನಕ ಕಮ್ಮಿಯಾಗುತ್ತೆ. ಸೇದೋದು ನಿಂತರೆ ಒಂದೆರಡು ದಿನದಲ್ಲೇ ಈ ಅನಿಲ ರಕ್ತದಿಂದ ಇಳಿದುಹೋಗುತ್ತೆ. ಮಗು ವೇಗವಾಗಿ ತೂಕ ಹಾಕಿಕೊಳ್ಳೋದು ಕೊನೆಯ ತಿಂಗಳುಗಳಲ್ಲಿ ಅಲ್ವಾ? ಲೆಕ್ಕ ಕೂಡುತ್ತೆ.

ಭಾಗ 6/7

ಆದರೂ ಹಟಮಾರಿ ಕೇಳಬಹುದು: ತಾನಾಗೇ ಬಿಡೋ ಹೆಂಗಸೂ ಬೇರೆ ಥರದವಳೇ ಇರಬಹುದಲ್ಲ? ಸರಿಯಾದ ಪ್ರಶ್ನೆ. ಉತ್ತರ 1984ರಲ್ಲಿ ಬಂತು, ಅಮೆರಿಕದ ಮೇರಿಲ್ಯಾಂಡ್‌ನಿಂದ. ಸೆಕ್ಸ್‌ಟನ್ ಮತ್ತು ಹೆಬೆಲ್, ಸೇದುವ 935 ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ತಪಾಸಣೆ. ಇನ್ನೊಂದಕ್ಕೆ ಭೇಟಿ, ಫೋನ್, ಪತ್ರ, ಹೇಗೆ ಬಿಡಬೇಕು ಅನ್ನೋ ಸಲಹೆ. ಬೈದಿದ್ದಲ್ಲ, ಜೊತೆಗೆ ನಿಂತಿದ್ದು. ಎಂಟನೇ ತಿಂಗಳ ಹೊತ್ತಿಗೆ ಸಹಾಯ ಸಿಕ್ಕ ಗುಂಪಿನಲ್ಲಿ 43% ಜನ ಬಿಟ್ಟಿದ್ದರು. ಇನ್ನೊಂದರಲ್ಲಿ 20%. ಬರೀ ಬಾಯಿಮಾತು ನಂಬದೆ ಎಂಜಲು ಪರೀಕ್ಷೆಯನ್ನೂ ಮಾಡಿದ್ದರು. ಸಹಾಯ ಸಿಕ್ಕವರ ಮಕ್ಕಳು ಸರಾಸರಿ 92 ಗ್ರಾಂ ಜಾಸ್ತಿ ತೂಗಿದವು. ಅಲ್ಲಿಗೆ ವಾದ ಮುಗೀತು.

ಅದೇ ವರ್ಷದ ಕಾನೂನಿನಿಂದಾಗಿ, 1985ರಿಂದ ಅಮೆರಿಕದ ಸಿಗರೇಟು ಪ್ಯಾಕಿನ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಬಂತು. ಕಲ್ಮನ್ ಮಾತಾಡಿ ಹದಿನಾಲ್ಕು ವರ್ಷ.

ಭಾಗ 7/7

"ನಮ್ಮ ಕಡೆ ಹೆಂಗಸರು ಎಲ್ಲಿ ಸಿಗರೇಟು ಸೇದ್ತಾರೆ ಮಾರಾಯ್ತಿ" ಅಂತ ನಿಮ್ಮಲ್ಲಿ ಯಾರೋ ಟೈಪ್ ಮಾಡ್ತಾ ಇದ್ದೀರ, ಗೊತ್ತು. ಸೇದೋರು ಕಮ್ಮಿ. ಹೊಗೆಸೊಪ್ಪು? ಕಡ್ಡಿಪುಡಿ? ಗುಪ್ತಾ ಮತ್ತು ಶ್ರೀವಿದ್ಯಾ 2004ರಲ್ಲಿ ಮುಂಬೈಯ 1,217 ಗರ್ಭಿಣಿಯರನ್ನು ಅಧ್ಯಯನ ಮಾಡಿದ ವರದಿ ಅದೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಮಕ್ಕಳು ಸರಾಸರಿ 105 ಗ್ರಾಂ ಕಮ್ಮಿ. ಹೊಗೆ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ, ಆದರೂ.

ನಮ್ಮ ಸೋದರತ್ತೆ ಸಂಚಿ ಇಲ್ಲದೆ ಹೊಲಕ್ಕೆ ಹೋದವರಲ್ಲ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚಿವುಟು ಹೊಗೆಸೊಪ್ಪು. 1998ರಲ್ಲಿ, ಐದು ತಿಂಗಳಾಗಿದ್ದಾಗ ತಪಾಸಣೆಗೆ ಹೋದರೆ, ಬಾಯಿ ಕೆಂಪಗಿರೋದು ನೋಡಿ ಒಬ್ಬ ನರ್ಸ್ ಎಲ್ಲರ ಎದುರೇ, "ಇಷ್ಟು ದಿನ ತಿಂದಿದ್ದೀಯ, ಕೂಸಿಗೆ ಆಗೋದೆಲ್ಲ ಆಗೋಯ್ತು" ಅಂದರಂತೆ. ಅತ್ತೆ ನಾಚಿಕೆಯಿಂದ ಮುಂದಿನ ತಿಂಗಳು ತಪಾಸಣೆಗೇ ಹೋಗಲಿಲ್ಲ. ಹೊಗೆಸೊಪ್ಪನ್ನೂ ಬಿಡಲಿಲ್ಲ. ಆಗೋದೆಲ್ಲ ಆಗೋಯ್ತಲ್ಲ. ಮಗು ಎರಡು ಕೆಜಿ ಚಿಲ್ಲರೆ ಇತ್ತು, ಬದುಕಿತು.

ಈ ಸರಣಿ ಬರೆಯುವಾಗ ಅತ್ತೆಗೆ ನಾಲ್ಕನೇ ತಿಂಗಳ ವಿಷಯ ಹೇಳಿದೆ. ಅದು ಸಿಗರೇಟಿನ ಲೆಕ್ಕ, ಹೊಗೆಸೊಪ್ಪಿನದ್ದಲ್ಲ ಅಂತಲೂ ಹೇಳಿದೆ. ಆಮೇಲೆ ಬಿಟ್ಟರೂ ಮಗುವಿಗೆ ಒಳ್ಳೇದೇ, ತಂಬಾಕಿನ ಪ್ಯಾಕೆಟ್ ಮೇಲೆ 1800-11-2356 ಅಂತ ಬಿಡಿಸೋಕೆ ಸಹಾಯ ಮಾಡುವ ನಂಬರೇ ಇದೆ ಅಂತಲೂ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈ ಲೆಕ್ಕ ಯಾವಾಗ ಗೊತ್ತಾಗಿದ್ದು?" ಅಂದರು.

"ಎಪ್ಪತ್ತೆರಡರಲ್ಲಿ ಅತ್ತೆ."

"ನಾನಿನ್ನೂ ಹುಟ್ಟೇ ಇರಲಿಲ್ವಲ್ಲೇ," ಅಂದರು.