ಮೊದಲು ಸ್ವರವೋ, ಕಾಲವೋ?

ಪಾಶ್ಚಾತ್ಯ ಸಂಗೀತದ ಒಂದು ಸ್ವರಚಿಹ್ನೆ ಒಟ್ಟಿಗೇ ಎರಡು ಸಂಗತಿ ಹೇಳುತ್ತದೆ. ಐದು ಗೆರೆಗಳ ನಡುವೆ ಅದು ಎಲ್ಲಿ ಕೂತಿದೆ ಎಂಬುದರಿಂದ ಸ್ವರ ಯಾವುದೆಂದು ತಿಳಿಯುತ್ತದೆ. ತಲೆ, ಬಾಲಗಳ ಆಕಾರದಿಂದ ಅದನ್ನು ಎಷ್ಟು ಹೊತ್ತು ನುಡಿಸಬೇಕೆಂದು ತಿಳಿಯುತ್ತದೆ. ಪೆನ್ನು ಹಿಡಿದವರಿಗೆ ಇದೊಂದು ಸಮಸ್ಯೆಯೇ ಅಲ್ಲ. ಕಂಪ್ಯೂಟರಿಗೆ ಮಾತ್ರ ಎರಡನ್ನೂ ಬಿಡಿಬಿಡಿಯಾಗಿ ಹೇಳಬೇಕು. ಯಾವುದನ್ನು ಮೊದಲು ಹೇಳಬೇಕೆಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಲ್ಲಿ ಒಬ್ಬೊಬ್ಬ ತಂತ್ರಾಂಶಕಾರ ಒಂದೊಂದು ಉತ್ತರ ಕೊಟ್ಟಿದ್ದಾನೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಯೋಜಕ ಲೆಲಂಡ್ ಸ್ಮಿತ್ 1970ರ ದಶಕದ ಆರಂಭದಲ್ಲಿ ಸಂಗೀತ ಮುದ್ರಣಕ್ಕೆ ಕಂಪ್ಯೂಟರ್ ಹಚ್ಚಿದರು. ಅವರ ‘ಸ್ಕೋರ್’ ತಂತ್ರಾಂಶದಲ್ಲಿ ಕೆಲಸ ಸುತ್ತು ಸುತ್ತಾಗಿ ನಡೆಯುತ್ತಿತ್ತು. ಮೊದಲ ಸುತ್ತಿನಲ್ಲಿ ಒಂದು ಸಾಲಿನ ಸ್ವರಗಳನ್ನೆಲ್ಲ ಓರೆಗೆರೆ ಹಾಕಿ ಬೇರ್ಪಡಿಸಿ ಟೈಪ್ ಮಾಡಬೇಕು. ಎರಡನೆಯದರಲ್ಲಿ ಅವುಗಳ ಅವಧಿ: ಕಾಲು ಸ್ವರಕ್ಕೆ ‘ಕ್ಯೂ’, ಅರೆಕಾಲಿಗೆ ‘ಇ’, ಅರ್ಧಕ್ಕೆ ‘ಎಚ್’. ಆಮೇಲೆ ನುಡಿಸುವ ಬಗೆಯ ಗುರುತುಗಳು, ಬಾಲಗಳನ್ನು ಕಟ್ಟುವ ಪಟ್ಟಿಗಳು, ಕೊನೆಗೆ ಸ್ವರಗಳನ್ನು ಬೆಸೆಯುವ ಕಮಾನುಗಳು. ಐದು ಸುತ್ತು ಮುಗಿಯುವ ತನಕ ಸಾಲು ಪೂರ್ತಿಯಲ್ಲ. ಸಂಯೋಜಕನ ತಾಳ್ಮೆ ಕೆಡಿಸುವ ಈ ಕ್ರಮ ಪ್ರಕಾಶಕರ ಕೆಲಸಗಾರರಿಗೆ ಒಗ್ಗಿತು. ತವರ-ಸೀಸದ ತಗಡಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ, ಅಚ್ಚುಳಿಯಿಂದ ಒಂದೊಂದೇ ಚಿಹ್ನೆ ಹೊಡೆದು ಕೂರಿಸುತ್ತಿದ್ದ ಕಸುಬಿನ ಮುಂದೆ ಐದು ಸುತ್ತು ಏನು ಮಹಾ!

ಅತ್ತ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, 1980ರ ಹೊತ್ತಿಗೆ, ಜಾನ್ ಮ್ಯಾಕ್ಸ್‌ವೆಲ್ ಮತ್ತು ಸೆವೆರೊ ಆರ್ನ್‌ಸ್ಟೈನ್ ‘ಮಾಕಿಂಗ್‌ಬರ್ಡ್’ ಕಟ್ಟಿದರು. ಇಲ್ಲಿ ಟೈಪ್ ಮಾಡುವ ಬದಲು ಕಂಪ್ಯೂಟರಿಗೆ ಜೋಡಿಸಿದ ಪಿಯಾನೊ ಮನೆಗಳನ್ನು ನುಡಿಸಿದರಾಯಿತು. ಪರದೆಯ ಮೇಲೆ ಬಾಲವಿಲ್ಲದ ಕರಿಯ ತಲೆಗಳು ಸಾಲಾಗಿ ಮೂಡುತ್ತಿದ್ದವು. ಅವಧಿಯನ್ನು ಬಳಿಕ ನುಡಿಸಿದವರೇ ಕೂತು ತುಂಬಬೇಕು. ಯಂತ್ರ ಲಯವನ್ನು ಊಹಿಸುವ ಗೋಜಿಗೆ ಹೋಗದಿದ್ದದ್ದೇ ಜಾಣತನ. ಆರ್ನ್‌ಸ್ಟೈನ್ ಅವರ ತಂದೆ ಲಿಯೊ ಹೆಸರಾಂತ ಪಿಯಾನೊ ವಾದಕ, ಸಂಯೋಜಕ. ಮುದ್ರಕನನ್ನು ಬಿಟ್ಟು ಪಿಯಾನೊ ಮುಂದೆ ಕೂತವರ ಕಷ್ಟವನ್ನೇ ಮಗ ಮೊದಲು ನೋಡಿದ್ದರಲ್ಲಿ ಅಚ್ಚರಿಯಿಲ್ಲ.

1983ರಲ್ಲಿ ‘ಮಿಡಿ’ ಎಂಬ ಸಂಪರ್ಕ ಮಾನಕ ಬಂದ ಮೇಲೆ ಮಾಮೂಲಿ ಕೀಬೋರ್ಡ್ ವಾದ್ಯಗಳೂ ಕಂಪ್ಯೂಟರ್ ಜತೆ ಮಾತಾಡತೊಡಗಿದವು. 1988ರಲ್ಲಿ ಫಿಲ್ ಫರಾಂಡ್ ಬರೆದ ‘ಫಿನಾಲೆ’ ಈ ಅನುಕೂಲವನ್ನು ಚೆನ್ನಾಗಿ ದುಡಿಸಿಕೊಂಡಿತು. ಅದರ ‘ಸ್ಪೀಡಿ ಎಂಟ್ರಿ’ಯಲ್ಲಿ ಒಂದು ಕೈ ವಾದ್ಯದ ಮನೆಯನ್ನು ಒತ್ತಿ ಹಿಡಿದರೆ ಇನ್ನೊಂದು ಕೈ ಅಂಕಿ ಒತ್ತುತ್ತದೆ. 5 ಒತ್ತಿದರೆ ಕಾಲು ಸ್ವರ, 4 ಒತ್ತಿದರೆ ಅದರರ್ಧ. ಯಾವ ಮನೆಯನ್ನೂ ಹಿಡಿಯದೆ ಅಂಕಿ ಒತ್ತಿದರೆ ವಿರಾಮ. ಸ್ವರ ಮೊದಲು, ಕಾಲ ನಂತರ. ‘ಹೈಪರ್‌ಸ್ಕ್ರೈಬ್’ ಎಂಬ ಇನ್ನೊಂದು ದಾರಿಯೂ ಇತ್ತು: ಕಾಲಿನಿಂದ ಪೆಡಲ್ ತಟ್ಟಿ ತಾಳ ಕೊಡುತ್ತ ನುಡಿಸಿದರೆ ತಂತ್ರಾಂಶ ತಾನೇ ಬರೆದುಕೊಳ್ಳುತ್ತಿತ್ತು. ತಟ್ಟು ತುಸು ಜಾರಿದರೂ ಪರದೆಯ ತುಂಬ ಚಿಲ್ಲರೆ ಸ್ವರಗಳು.

ಇಂಗ್ಲೆಂಡಿನ ಅವಳಿಗಳಾದ ಬೆನ್ ಮತ್ತು ಜೊನಾಥನ್ ಫಿನ್ 1993ರಲ್ಲಿ ಏಕಾರ್ನ್ ಕಂಪ್ಯೂಟರಿಗೆಂದು ಹೊರತಂದ ‘ಸಿಬೇಲಿಯಸ್’ ಬೆಳೆಯುತ್ತ ಹಿಡಿದದ್ದು ತದ್ವಿರುದ್ಧ ದಾರಿ. ಕೀಲಿಮಣೆಯ ಬಲಗಡೆಯ ಅಂಕಿಮನೆಗಳ ನಕ್ಷೆಯೇ ಪರದೆಯ ಮೇಲೂ ಇರುತ್ತದೆ. ಬಲಗೈ ಅವಧಿ ಆರಿಸುತ್ತದೆ, ಎಡಗೈ ‘ಎ’ಯಿಂದ ‘ಜಿ’ವರೆಗಿನ ಅಕ್ಷರ ಒತ್ತುತ್ತದೆ. ಒಂದೇ ಅವಧಿಯ ಸ್ವರಗಳು ಸಾಲಾಗಿ ಬಂದರೆ ಒಮ್ಮೆ ಆರಿಸಿದ್ದೇ ಸಾಕು. ಕ್ಷಣಕ್ಷಣಕ್ಕೂ ಲಯ ಬದಲಾಗುವ ಕಡೆ ಬೆರಳಿಗೆ ಬಿಡುವಿಲ್ಲ. ಅಂಕಿಮನೆಗಳೇ ಇಲ್ಲದ ಲ್ಯಾಪ್‌ಟಾಪಿನಲ್ಲಂತೂ ಪರದಾಟ.

ನಮ್ಮ ಕರ್ನಾಟಕ ಸಂಗೀತದ ಸ್ವರಲಿಪಿಯನ್ನು ಈ ಪಂಚಾಯಿತಿಗೆ ಎಳೆದರೆ ಅದು ಫಿನಾಲೆಯ ಪಕ್ಷ ವಹಿಸುತ್ತದೆ. ‘ಸ’ ಬರೆದ ಮೇಲೆ ತಾನೆ ಅದನ್ನು ದೀರ್ಘ ಮಾಡುವುದು, ಮುಂದೆ ಅಲ್ಪವಿರಾಮವೋ ಅರ್ಧವಿರಾಮವೋ ಹಾಕಿ ಎಳೆಯುವುದು? ಸಾಮಾನ್ಯ ಟೈಪಿಂಗ್‌ನಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ. ಗಮಕವನ್ನು ಯಾವ ಕೀಲಿಗೆ ಕಟ್ಟಬೇಕೆಂಬುದು ಬೇರೆಯೇ ತಲೆನೋವು.

2012ರಲ್ಲಿ ಸಿಬೇಲಿಯಸ್‌ನ ಒಡೆತನ ಹೊಂದಿದ್ದ ಏವಿಡ್ ಕಂಪನಿ ಲಂಡನ್ನಿನ ತಂಡವನ್ನು ಮನೆಗೆ ಕಳಿಸಿತು. ಡೇನಿಯಲ್ ಸ್ಪ್ರೆಡ್‌ಬರಿ ಮೊದಲಾದ ಆ ತಂಡದವರನ್ನು ಸ್ಟೈನ್‌ಬರ್ಗ್ ಎಂಬ ಇನ್ನೊಂದು ಕಂಪನಿ ಸೇರಿಸಿಕೊಂಡಿತು. ಅವರು 2016ರಲ್ಲಿ ತಂದ ‘ಡೋರಿಕೊ’ ಬರಬರುತ್ತ ಎರಡೂ ಕ್ರಮಗಳಿಗೆ ಬಾಗಿಲು ತೆರೆಯಿತು. ಅದು ಬೇಕಾದ ಹೊತ್ತಿಗೇ ಒದಗಿತು ಎನ್ನಬೇಕು, ಏಕೆಂದರೆ 2024ರ ಆಗಸ್ಟ್‌ನಲ್ಲಿ ಫಿನಾಲೆಯ ಅಭಿವೃದ್ಧಿಯನ್ನೇ ನಿಲ್ಲಿಸುವುದಾಗಿ ಅದರ ಒಡೆಯ ಕಂಪನಿ ಮೇಕ್‌ಮ್ಯೂಸಿಕ್ ಸಾರಿ, ತನ್ನ ಗ್ರಾಹಕರಿಗೆ ರಿಯಾಯಿತಿ ದರದಲ್ಲಿ ಡೋರಿಕೊ ಕೊಡಿಸಿತು. ಹಾಗೆ ವಲಸೆ ಹೊರಟವರಿಗೆ ಅಲ್ಲಿ ಕಾಲು ಸ್ವರ 6ರಲ್ಲಿ ಸಿಗುತ್ತದೆ. ಸಿಬೇಲಿಯಸ್ ಕಡೆ ತಿರುಗಿದರೆ 4. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್‌ನಲ್ಲಿ 5 ಹಳೆಯ ಜಾಗದಲ್ಲೇ ಇದೆ, ಆದರೆ ಅಲ್ಲಿನ ರೂಢಿಯ ಕ್ರಮದಲ್ಲಿ ಅದನ್ನು ಸ್ವರಕ್ಕಿಂತ ಮೊದಲೇ ಒತ್ತಬೇಕು.